ಮಹಾಪ್ರಾಣ ಹೋದ ವಿಳಾಸ

ಹೆಂಡತಿ: ಮತ್ತೆ ವಾಪಸ್ ಬಂತಾ? ನಾಲ್ಕನೇ ಸಲ! ನೀವು ಕಳಿಸ್ತಿರೋದು ಅರ್ಜಿನೋ, ರಬ್ಬರ್ ಚೆಂಡೋ?

ಗಂಡ: ಕಂಪ್ಯೂಟರ್ ಕೆಟ್ಟಿದೆ ಕಣೇ. ನಾನೇನು ಮಾಡಲಿ?

ಹೆಂಡತಿ: ಹೌದೌದು. ಈ ಮನೇಲಿ ಕೆಡೋದು ಸಾಮಾನು ಮಾತ್ರ. ಮನುಷ್ಯರು ಸದಾ ಸುಸ್ಥಿತಿ.

ಗಂಡ ಮೂವತ್ತೊಂದು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದವರು. ಅದು ಮುಚ್ಚಿ ಎಂಟು ತಿಂಗಳಾಗಿತ್ತು. ಅಂದಿನಿಂದ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತಿದ್ದುತ್ತಿದ್ದರು: ಹೆಂಡತಿಯ ಸಾಮಾನಿನ ಚೀಟಿ, ಕೆಮ್ಮಿನ ಔಷಧದ ಬಾಟಲಿಯ ಮೇಲಿನ ಸೂಚನೆ, ನೆಂಟರ ಮದುವೆ ಪತ್ರಿಕೆ. ನಿಘಂಟು ಪ್ರಕಟಿಸುವ ಕಚೇರಿಯೊಂದಕ್ಕೆ ಕರಡು ತಿದ್ದುವವರು ಬೇಕೆಂಬ ಜಾಹೀರಾತು ಪತ್ರಿಕೆಯಲ್ಲಿ ಬಂದಿತ್ತು. ಅರ್ಜಿ ಇಮೇಲ್ ಮೂಲಕವೇ ತಲುಪಬೇಕು. ಗಡುವು ಅಂದು ಸಂಜೆ ಐದು ಗಂಟೆ. ಗಡಿಯಾರದಲ್ಲಿ ನಾಲ್ಕೂವರೆ. ಕಂಪ್ಯೂಟರ್ ರಿಪೇರಿಯವರು ಮೇಜಿನ ಕೆಳಗೆ ಮಂಡಿಯೂರಿದ್ದರು.

ರಿಪೇರಿಯವರು: ವೈರೆಲ್ಲ ಸರಿಯಾಗಿದೆ ಸಾರ್. ಇಂಟರ್‌ನೆಟ್ ಬರ್ತಿದೆ, ಪಾಸ್‌ವರ್ಡೂ ಸರಿ. ನನಗೊಂದು ಮೇಲ್ ಕಳಿಸಿ ನೋಡೋಣ.

ಗಂಡ ಕಳಿಸಿದರು. ರಿಪೇರಿಯವರ ಜೇಬಿನಲ್ಲಿ ಫೋನ್ ಟಿಣ್ ಎಂದಿತು. ಅವರು ಬರೆದ ಉತ್ತರವೂ ಕ್ಷಣದಲ್ಲಿ ಕಂಪ್ಯೂಟರಿಗೆ ಬಂತು.

ರಿಪೇರಿಯವರು: ಹೋಗ್ತಾನೂ ಇದೆ, ಬರ್ತಾನೂ ಇದೆ. ಇದಕ್ಕೇನೂ ಆಗಿಲ್ಲ.

ಗಂಡ: ನೀವು ‘ಪರಿಕ್ಷೆ’ ಅಂತ ಬರೆದಿದ್ದೀರಿ. ‘ರಿ’ಗೆ ದೀರ್ಘ ಬೇಕು.

ರಿಪೇರಿಯವರು: ದೀರ್ಘ ಇಲ್ದೇನೂ ತಲುಪಿತಲ್ಲ ಸಾರ್! ಅದಿರಲಿ, ವಾಪಸ್ ಬಂದ ಮೇಲ್‌ನಲ್ಲಿ ಏನಿದೆ ಅಂತ ಓದಿದ್ರಾ?

ಗಂಡ: ನಾಲ್ಕು ಸಲ ಓದಿದೆ. ಒಂದೂ ತಪ್ಪಿಲ್ಲ.

ರಿಪೇರಿಯವರು: ಅರ್ಥ?

ಗಂಡ: ಅರ್ಥ ನೋಡೋದು ಸಂಪಾದಕರ ಕೆಲಸ.

ಹೆಂಡತಿ: ಇವರು ಓದೋದೇ ಹೀಗೆ. ಮದುವೆಗೆ ಮುಂಚೆ ನಾನು ನಾಚಿಕೊಂಡು ಬರೆದ ಕಾಗದಾನೂ ಹೀಗೇ ಓದಿದ್ರು. ಕೆಂಪು ಇಂಕಿನಲ್ಲಿ ವಾಪಸ್ ಬಂತು.

ರಿಪೇರಿಯವರು ಎದ್ದು, ಪರದೆಯನ್ನೂ ಪತ್ರಿಕೆಯ ಜಾಹೀರಾತನ್ನೂ ಅಕ್ಷರ ಅಕ್ಷರವಾಗಿ ಹೋಲಿಸಿದರು.

ರಿಪೇರಿಯವರು: ‘ಇಂಥ ವಿಳಾಸವೇ ಇಲ್ಲ’ ಅಂತಿದೆ ಸಾರ್. ಪೇಪರ್‌ನಲ್ಲಿ ಅವರ ಇಮೇಲ್ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ ‘ನಿಗಂಟು’ ಅಂತ ಇದೆ. ‘ಜಿ’ ಆದ ಮೇಲೆ ‘ಎಚ್’ ಇಲ್ಲ. ನೀವು ಎಚ್ ಹಾಕಿದ್ದೀರಿ.

ಗಂಡ: ಹಾಕದೆ? ನಿಘಂಟಿನವರೇ ‘ಘ’ ನುಂಗಿದ್ರೆ ಹೇಗ್ರೀ? ಅಲ್ಲಿ ಮಹಾಪ್ರಾಣ ಬೇಕು. ಪತ್ರಿಕೆಯವರು ಬಿಟ್ಟಿದ್ರು, ನಾನು ಸೇರಿಸಿದೆ.

ರಿಪೇರಿಯವರು: ಅವರ ವಿಳಾಸಾನೇ ಹಾಗಿರಬಹುದು ಸಾರ್. ಶುರು ಮಾಡುವಾಗ ಯಾರೋ ಹಾಗೆ ಟೈಪ್ ಮಾಡಿರ್ತಾರೆ. ಎಚ್ ತೆಗೀರಿ, ಹೋಗುತ್ತೆ.

ಗಂಡ: ಗೊತ್ತಿದ್ದೂ ತಪ್ಪು ಬರೆಯೋದಾ? ಈ ಕೈಯಲ್ಲಾ?

ಹೆಂಡತಿ: ರೀ, ಇನ್ನು ಹತ್ತೇ ನಿಮಿಷ. ಒಂದೋ ಆ ಮಹಾಪ್ರಾಣ ತೆಗೀರಿ, ಇಲ್ಲ ನನ್ನ ಪ್ರಾಣ ತೆಗೀರಿ.

ಗಂಡ: ಅರ್ಜಿ ಹಾಕ್ತಿರೋದೇ ತಪ್ಪು ತಿದ್ದೋ ಕೆಲಸಕ್ಕೆ. ಅದರ ನೆತ್ತಿ ಮೇಲೆ ತಪ್ಪು ಕೂರಿಸ್ಲಾ?

ಹೆಂಡತಿ: ಕೂರಿಸಿ! ನೀವು ಇನ್ನೆಂಟು ತಿಂಗಳು ಮನೇಲಿ ಕೂತ್ರೆ ನಾನು ಉಸಿರಾಡೋದಕ್ಕೂ ಅಲ್ಪವಿರಾಮ ಹಾಕ್ತೀರಿ. ಏಳಿ ಆ ಕಡೆ!

ಗಂಡ ಏಳಲಿಲ್ಲ, ಕಣ್ಣು ಮುಚ್ಚಿಕೊಂಡರು. ಹೆಂಡತಿ ಅವರ ಹೆಗಲ ಮೇಲಿನಿಂದಲೇ ಬಗ್ಗಿ, ಒಂದಕ್ಷರ ಅಳಿಸಿ, ಗುಂಡಿ ಒತ್ತಿದರು. ಗಂಡ ಕಣ್ಣು ಬಿಟ್ಟರು; ಮೂವರೂ ಪರದೆಯನ್ನೇ ನೋಡಿದರು. ಏನೂ ಮರಳಿ ಬರಲಿಲ್ಲ.

ರಿಪೇರಿಯವರು: ಹೋಯ್ತು ಸಾರ್.

ಗಂಡ: ಮಾನವೂ ಹೋಯ್ತು.

ಐದು ಗಂಟೆ ದಾಟಿ, ರಿಪೇರಿಯವರು ಕಾಫಿ ಮುಗಿಸುವಷ್ಟರಲ್ಲಿ ಉತ್ತರ ಬಂತು. ಹೆಂಡತಿ ಗಟ್ಟಿಯಾಗಿ ಓದಿದರು:

“ಮಾನ್ಯರೇ, ಈ ಹುದ್ದೆಗೆ ನಮ್ಮನ್ನು ತಲುಪಿದ್ದು ತಮ್ಮ ಅರ್ಜಿ ಒಂದೇ. ನಮ್ಮ ವಿಳಾಸದಲ್ಲಿರುವ ತಪ್ಪನ್ನು ಉಳಿದವರೆಲ್ಲ ತಿದ್ದಿ ಕಳಿಸಿರಬೇಕು. ಮೂಲದಲ್ಲಿ ಇದ್ದುದನ್ನು ಇದ್ದಂತೆಯೇ ಬಿಡುವ ಸಂಯಮ ಅಪರೂಪದ್ದು. ಸೋಮವಾರದಿಂದ ಕೆಲಸಕ್ಕೆ ಬನ್ನಿ.”

ಗಂಡ ಕನ್ನಡಕ ತೆಗೆದು, ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡರು.

ಗಂಡ: ನೋಡಿದೆಯಾ? ಸಂಯಮ ಅಂದಿದ್ದಾರೆ.

ಹೆಂಡತಿ: ನೋಡಿದೆ. ಆ ಸಂಯಮ ನಂದು. ಸೋಮವಾರ ಬೆಳಿಗ್ಗೆ ಎಂಟಕ್ಕೆ ನನ್ನ ಊಟದ ಡಬ್ಬಿ ಕಟ್ಟಿಡಿ.