ಚಿಕ್ಕಪ್ಪನ ಹೊಟ್ಟೆ ಸಂಶೋಧನೆ

ನಮ್ಮ ಚಿಕ್ಕಪ್ಪನ ದೃಷ್ಟಿಯಲ್ಲಿ ಮನುಷ್ಯ ಎಂದರೆ ಎರಡು ಕಾಲಿನ ಮೇಲೆ ಓಡಾಡುವ ಒಂದು ಹೊಟ್ಟೆ, ಅಷ್ಟೆ! ಬಸವನಗುಡಿಯ ನಮ್ಮ ಮನೆಗೆ ಯಾರೇ ಬರಲಿ, ಕಾಫಿ ಮುಗಿಯುವುದರೊಳಗೆ "ಬೆಳಿಗ್ಗೆ ಸಲೀಸಾಗಿ ಆಯ್ತಾ?" ಎಂದು ಕೇಳಿಬಿಡುತ್ತಿದ್ದ. ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರನ್ನೂ ಬಿಡಲಿಲ್ಲ. ಆ ಸಂಬಂಧ ಕೂಡಿಬರಲಿಲ್ಲ ಎಂದು ಬೇರೆ ಹೇಳಬೇಕೆ?

ಅವನು ಪ್ರಯೋಗಾಲಯದಲ್ಲಿ ಸಂಶೋಧಿಸುತ್ತಿದ್ದುದು ಕರುಳಿನಲ್ಲಿ ಬಾಳುವ ಇ-ಕೊಲೈ ಎಂಬ ಬ್ಯಾಕ್ಟೀರಿಯಾವನ್ನು. ಮುಖ ಸಿಂಡರಿಸಬೇಡಿ, ನಿಮ್ಮೊಳಗೂ ಇದೆ! ಹೆಸರು ಒಂದೇ ಆದರೂ ಹೊಟ್ಟೆ ಬದಲಾದಂತೆ ವಂಶವೂ ಬೇರೆಯಂತೆ. ಹಾಗಾಗಿ ತೊಂಬತ್ತರ ದಶಕದ ಎಷ್ಟೋ ಬೆಳಗುಗಳಲ್ಲಿ ಚಿಕ್ಕಪ್ಪ ಡಬ್ಬಿ ಹಿಡಿದು ಗಾಂಧಿಬಜಾರಿನ ಹಸುಗಳ ಹಿಂದೆ ಅಲೆಯುತ್ತಿದ್ದ. "ಏನ್ ಸಾರ್, ಗೋಬರ್ ಗ್ಯಾಸಾ?" ಎಂದ ಹಾಲಿನವನು, ಚಿಟಿಕೆ ಸಗಣಿ ಕೇಳಿದವನಿಗೆ ಒಂದು ಮಂಕರಿ ತುಂಬಿ ಕೊಟ್ಟ!

ಎಡವಟ್ಟಾಗಿದ್ದು ಡಬ್ಬಿಗಳು ಮುಗಿದ ದಿನ. ಅಜ್ಜಿಯ ಖಾಲಿ ಇಂಗಿನ ಡಬ್ಬಿಗಳನ್ನು ಬಳಸಿ, ತೊಳೆದು, ಮತ್ತೆ ಅಡುಗೆಮನೆಯಲ್ಲೇ ಇಟ್ಟ. ಸಾಲದ್ದಕ್ಕೆ ಮಡಿಯಲ್ಲಿದ್ದ ಅಜ್ಜಿಗೆ ತಾನೇ ಹೇಳಿಯೂ ಬಿಟ್ಟ.

"ಚೆನ್ನಾಗಿ ಕುದಿಸಿದೀನಮ್ಮಾ!"

"ಮೊದ್ಲು ನಿನ್ನ ಕುದಿಸ್ಬೇಕು!"

ಅಂದಿನಿಂದ ಅವನು ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಊಟ ನಡುಮನೆಯಲ್ಲಿ, ಬಡಿಸುವವಳು ಚಿಕ್ಕಮ್ಮ. ಹೀಗೆ ಮೂರು ವರ್ಷ! ನಗುನಗುತ್ತಲೇ ಉಣ್ಣುತ್ತಿದ್ದ, ಆದರೆ ಕಣ್ಣು ಮಾತ್ರ ಅಜ್ಜಿಯ ಕೈಯ ಸೌಟಿನ ಮೇಲೆಯೇ ಇರುತ್ತಿತ್ತು. ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಆದರೂ ಚಟ ಬಿಡಬೇಕಲ್ಲ! "ಅಮ್ಮಾ, ನೀನು ಹೋಟೆಲ್ ಊಟ ಕಂಡೋಳಲ್ಲ. ನಿನ್ನ ಹೊಟ್ಟೇಲಿ ಅಪರೂಪದ ವಂಶ ಇರ್ಬೇಕು" ಎಂದ ಒಮ್ಮೆ.

"ನೀನೂ ಅಲ್ಲೇ ಇದ್ಯಲ್ಲೋ! ನಾಚ್ಕೆ ಆಗಲ್ವಾ?"

ಒಂದು ಬೇಸಿಗೆಯಲ್ಲಿ ಅಜ್ಜಿಗೆ ಭೇದಿ ಹಿಡಿದು, ಡಾಕ್ಟರು ಮಲ ಪರೀಕ್ಷೆಗೆ ಬರೆದರು. ಆ ಡಬ್ಬಿಯನ್ನು ಮುಟ್ಟುವವರು ಯಾರು? ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಚಿಕ್ಕಪ್ಪ ಅದನ್ನು ತೀರ್ಥದಂತೆ ಎರಡೂ ಕೈಯಲ್ಲಿ ಹಿಡಿದು ಹೊರಟ. "ನಿಂಗೂ ಸ್ವಲ್ಪ ಇಟ್ಕೊ, ಹಾಳಾಗ್ಹೋಗ್ಲಿ" ಎಂದಳು ಅಜ್ಜಿ, ಗೋಡೆಗೆ ಮುಖ ಮಾಡಿ.

ಅಜ್ಜಿ ಚೇತರಿಸಿಕೊಂಡು ಒಲೆಯ ಮುಂದೆ ಕುಳಿತ ಮೇಲೆ, ಒಂದು ಮಧ್ಯಾಹ್ನ ಚಿಕ್ಕಪ್ಪ ಹೊಸಿಲಾಚೆ ನಿಂತು, ಬ್ಯಾಕ್ಟೀರಿಯಾದ ಡಿಎನ್‌ಎ ಪರೀಕ್ಷೆಯ ಎರಡು ಫೋಟೊ ತೋರಿಸಿದ. ಎರಡರಲ್ಲೂ ಅಡ್ಡಡ್ಡ ಪಟ್ಟೆಗಳು, ಒಂದೇ ಜಾಗದಲ್ಲಿ.

"ಇದು ನಿನ್ನದು, ಇದು ನಂದು. ಒಂದೇ ವಂಶ ಕಣಮ್ಮಾ. ಹುಟ್ಟೋವಾಗ ಕೊಟ್ಯೋ, ತುತ್ತು ತಿನ್ನಿಸ್ತಾ ಕೊಟ್ಯೋ, ಗೊತ್ತಿಲ್ಲ. ಆದ್ರೆ ನನ್ನೊಳಗೆ ಇನ್ನೂ ಬದುಕಿವೆ."

"ಕೈ ತೊಳ್ಕೊಂಡೇ ತಿನ್ನಿಸಿದ್ನಲ್ಲೋ!" ಎಂದು ಅಜ್ಜಿ ಗದರಿದಳು. ಆಮೇಲೆ ಬಹಳ ಹೊತ್ತು ಆ ಫೋಟೊಗಳನ್ನೇ ನೋಡಿದಳು. ಎದ್ದು, ಮೊಸರನ್ನ ಕಲಸಿಕೊಂಡು, ಹೊಸಿಲು ದಾಟಿ ಬಂದಳು. ಐವತ್ತು ದಾಟಿದ ಚಿಕ್ಕಪ್ಪ ಅಂಗೈ ಒಡ್ಡಿದ.

ಅಜ್ಜಿ ತುತ್ತು ಇಟ್ಟು ಹೇಳಿದಳು: "ತಿನ್ನಪ್ಪಾ. ಅವಕ್ಕೂ ಹಸಿವಾಗಿರತ್ತೆ."