ನೀರು ಕಾಯಿಸದ ಸೋಲಾರ್ ಪೆಟ್ಟಿಗೆ

ಬಿಸಿಲನ್ನು ನಂಬಿ ಕಾರ್ಖಾನೆ ಇಟ್ಟವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ, ಆಮೇಲೆ ಹೊಟ್ಟೆ ಉರಿಯುತ್ತದೆ.

ಬೀದರಿನ ಒಂದು ಶೆಡ್ಡಿನಲ್ಲಿ ನಾನು, ತಗಡಿನ ಕೆಲಸದ ಒಬ್ಬ ಉಸ್ತಾದರು ಸೇರಿ ನೀರು ಕಾಯಿಸುವ ಸೋಲಾರ್ ಪೆಟ್ಟಿಗೆ ಮಾಡುತ್ತಿದ್ದೆವು. ಸರಕಾರದ ಸಾಹೇಬರೊಬ್ಬರು ಪರೀಕ್ಷಿಸಿ ಮಂಜೂರಿ ಕೊಟ್ಟರೆ ಹಾಸ್ಟೆಲುಗಳು ಕೊಳ್ಳುತ್ತಿದ್ದವು. ಇಲ್ಲದಿದ್ದರೆ ಶೆಡ್ಡಿಗೆ ಬೀಗ.

೧. ಭಾಲ್ಕಿಯ ಕೌದಿ

ಮೊದಲ ಪೆಟ್ಟಿಗೆ ಭಾಲ್ಕಿಯ ಮಾಸ್ತರರ ಮನೆಗೆ ಹೋಯಿತು. ವಾರದಲ್ಲೇ ತಕರಾರು: ನೀರು ಕಾಯುತ್ತಿಲ್ಲ. ಬಸ್ಸು ಹಿಡಿದು ಹೋಗಿ ಮಾಳಿಗೆ ಹತ್ತಿದರೆ ಪೆಟ್ಟಿಗೆಯ ಗಾಜಿನ ಮೇಲೆ ಹಳೇ ಬಟ್ಟೆ ಹೊಲಿದ ದಪ್ಪನೆಯ ಕೌದಿ.

"ಇದ್ಯಾಕ ಹೊಚ್ಚೀರಿ?"

ಮಾಸ್ತರರ ಹೆಂಡತಿ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಹೊಸಾ ಸಾಮಾನು ಯಾರರೆ ಬಿಸಲಾಗ ಇಡ್ತಾರೇನ್ರಿ?"

೨. ಔರಾದಿನ ಸಂಡಿಗೆ

ಔರಾದಿನಲ್ಲಿ ಕೌದಿ ಇರಲಿಲ್ಲ. ಗಾಜಿನ ತುಂಬ ಸಂಡಿಗೆ, ಮೆಣಸಿನಕಾಯಿ ಹರವಿದ್ದರು. ಜೊತೆಗೆ ಬಂದಿದ್ದ ಉಸ್ತಾದರು ಒಂದು ಸಂಡಿಗೆ ಮುರಿದು ನೋಡಿದರು.

"ಸಾಬ್, ಮಂದಿಗಿ ಬಿಸಿನೀರಿಗಿಂತ ಇದರ ಜರೂರತ್ ಅದರಿ. ಒಳಗ ಜಾಳಿಗಿ ಹಾಕಿ ಒಣಗಸೋ ಪೆಟ್ಟಿಗೀನೇ ಮಾಡಮು."

"ಉಸ್ತಾದ್, ನಾ ಇಂಜಿನಿಯರಿಂಗ್ ಓದಿದ್ದು ಸಂಡಿಗಿ ಒಣಗಸ್ಲಾಕ ಅಲ್ಲ."

ಈಗ ಔರಾದಿನ ಮಾಳಿಗೆಗಳ ಮೇಲೆ ಬೇರೆ ಯಾರೋ ಮಾಡಿದ ಒಣಗಿಸುವ ಪೆಟ್ಟಿಗೆಗಳಿವೆ. ಕಂಡಾಗೆಲ್ಲ ನನ್ನ ಆ ಮಾತು ನುಂಗಿಕೊಳ್ಳಬೇಕಿತ್ತು ಅನಿಸುತ್ತದೆ. ಅವತ್ತು ಹೊರಡುವಾಗ ಮನೆಯವರು ಡಬ್ಬಿ ತುಂಬ ಸಂಡಿಗೆ ಕೊಟ್ಟರು. ಅಷ್ಟು ಓದಿದವನು ಒಬ್ಬನೇ ಕರಿದು ತಿಂದೆ.

೩. ಸಂತಪುರದ ಪರೀಕ್ಷೆ

ಕೊನೆಗೂ ಸಾಹೇಬರು, ಪರೀಕ್ಷೆಗೆಂದೇ ನಾವು ಪೆಟ್ಟಿಗೆ ಕೂರಿಸಿದ್ದ ಸಂತಪುರದ ಹಾಸ್ಟೆಲಿಗೆ ಬಂದರು. ನಲ್ಲಿ ತಿರುಗಿಸಿದೆ. ತಣ್ಣನೆಯ ನೀರು. ಮೇಲೆ ಓಡಿ ನೋಡಿದರೆ ಗಾಜು ಕಾಣದಷ್ಟು ಹಪ್ಪಳ.

ಅಡುಗೆಯವ ಕೈಮುಗಿದ. "ದೊಡ್ಡ ಸಾಹೇಬ್ರು ಬರ್ತಾರಂತ ಎರಡ್ ದಿನದಿಂದ ಒಣಗಸ್ಲತ್ತೀನ್ರಿ. ಊಟಕ್ಕ ಹಪ್ಪಳ ಬ್ಯಾಡೇನ್ರಿ?"

ಸಾಹೇಬರು ಹಪ್ಪಳವನ್ನು ಎರಡೆರಡು ಸಲ ಹಾಕಿಸಿಕೊಂಡರು. ಇನ್ನೊಂದು ದಿನ ಬನ್ನಿ ಎಂದು ಬೇಡಿಕೊಂಡೆ, ಒಪ್ಪಲಿಲ್ಲ. ಅವರ ವರದಿ ಶೆಡ್ಡು ಖಾಲಿ ಮಾಡುವ ದಿನ ಕೈ ಸೇರಿತು. ಕನ್ನಡ ಓದಲು ಬಾರದ ಉಸ್ತಾದರು ಏನು ಬರೆದಿದ್ದಾರೆಂದು ಕೇಳಿದರು. ನಾಚಿಕೆಯಿಂದಲೇ ಓದಿದೆ: "ನೀರು ಕಾಯಿಸಲು ಯೋಗ್ಯವಲ್ಲ. ಹಪ್ಪಳ ಒಣಗಿಸಲು ಅತ್ಯುತ್ತಮ."

"ಸಿಕ್ಕಾ ಹಾಕ್ಯಾರೇನ್ರಿ?"

ಕಾಗದದ ಕೆಳಗಿನ ಮೊಹರು ನೋಡಿದೆ. "ಹಾಕ್ಯಾರ."

ಉಸ್ತಾದರು ಸುತ್ತಿಗೆಯನ್ನು ಚೀಲಕ್ಕೆ ಹಾಕುತ್ತ ಹೇಳಿದರು: "ಅಂದ್ರ ಮಂಜೂರಿ ಸಿಕ್ಕದ, ಸಾಬ್. ನಾವು ಮಾಡ್ದೇ ಬಿಟ್ಟ ಪೆಟ್ಟಿಗಿಗಿ."