ಬರಿಗೈ ವೀರರೂ ಕೆಂಪು ಸ್ಕೆಚ್ ಪೆನ್ನೂ

"ಇನ್ನು ಮೇಲೆ ನನ್ನೆದುರು ಚಾಕು ಹಿಡಿದು ನಿಂತವನ ಕಥೆ ಮುಗಿದ ಹಾಗೇ!" ಎಂದು ಘೋಷಿಸುತ್ತಲೇ ಗುಮಾಸ್ತರು ಆ ಸಂಜೆ ಮನೆಯೊಳಗೆ ಕಾಲಿಟ್ಟರು. ಚಪ್ಪಲಿ ಬಿಡುವ ಶೈಲಿಯಲ್ಲೇ ಒಂದು ಗತ್ತಿತ್ತು.

ವಿಷಯ ಇಷ್ಟೇ. ಅವರ ನೀರು ಸರಬರಾಜು ಕಚೇರಿಯಲ್ಲಿ, ನಲ್ಲಿಯಲ್ಲಿ ನೀರು ಬಾರದ ಸಿಟ್ಟಿಗೆ ಒಬ್ಬಾತ ಕೌಂಟರಿನ ಮುಂದೆ ಚಾಕು ತೆಗೆದಿದ್ದ. ಯಾರಿಗೂ ಏನೂ ಆಗಲಿಲ್ಲ. ಆದರೆ ಸಾಹೇಬರು ಬೆದರಿ, ಸಿಬ್ಬಂದಿಗೆಲ್ಲ ಆತ್ಮರಕ್ಷಣೆಯ ತರಬೇತಿ ಇಡಿಸಿದ್ದರು. ಹೇಳಿಕೊಡಲು ಬಂದವಳು ಗುಮಾಸ್ತರ ಭುಜದೆತ್ತರಕ್ಕೂ ಬಾರದ ಹೆಣ್ಣುಮಗಳು. "ಚಾಕು ಕಂಡರೆ ಮೊದಲು ಓಡಿ. ದಾರಿ ಇಲ್ಲದಿದ್ದರೆ ಮಧ್ಯೆ ಏನಾದರೂ ಅಡ್ಡ ಇಡಿ. ಬರಿಗೈ ಹಾಕೋದು ಬಾಕಿ ಎಲ್ಲಾ ಕೈಕೊಟ್ಟ ಮೇಲೆ," ಎಂದು ಮಧ್ಯಾಹ್ನದವರೆಗೂ ಹೇಳಿದ್ದೇ ಹೇಳಿದ್ದು. ಅಷ್ಟೂ ಹೊತ್ತು ಗುಮಾಸ್ತರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡಿದ್ದರು. ಕೊನೆಯಲ್ಲಿ ಅವಳು ಆರಡಿ ವಾಚ್‌ಮನ್ನಿನ ಮಣಿಕಟ್ಟು ತಿರುಚಿ ರಬ್ಬರ್ ಚಾಕು ಕಿತ್ತುಕೊಂಡಾಗ ಎಚ್ಚರವಾಯಿತು. ಎಚ್ಚರವೇನು, ಜ್ಞಾನೋದಯವೇ ಆಯಿತು!

ಅವರ ಹೆಂಡತಿ ಶಿಶುವಿಹಾರದ ಟೀಚರ್. ಆಗ ತಾನೇ ಬಂದು ಚೀಲ ಇಳಿಸುತ್ತಿದ್ದಳು.

"ಬಾ, ನನಗೆ ಚುಚ್ಚು."

"ಮೊದ್ಲು ಕೈಕಾಲು ತೊಳ್ಕೊಂಡು ಬನ್ನಿ."

"ನೀನು ಕಳ್ಳ. ನಾನು ಒಂಟಿ ದಾರಿಹೋಕ. ಚಾಕು ತಗೊಂಡು ಬಾ ಅಂದೆ."

"ಚಾಕು ಗೀಕು ಮುಟ್ಟಲ್ಲಪ್ಪ," ಎಂದವಳು ಚೀಲದಿಂದ ಕೆಂಪು ಸ್ಕೆಚ್ ಪೆನ್ನು ತೆಗೆದಳು. "ಇದು ತಾಗಿದ ಕಡೆಯೆಲ್ಲ ಗಾಯ ಅಂತ ಲೆಕ್ಕ. ಒಪ್ಪಿಗೇನಾ?"

ಗುಮಾಸ್ತರು ಬಿಳಿ ಅಂಗಿಯ ತೋಳು ಮಡಿಸಿ, ಕಾಲಗಲಿಸಿ, ಅಂಗೈ ಚಾಚಿ ನಿಂತರು. ಹೆಂಡತಿ ಬಂದದ್ದು ಕಾಣಿಸಿತು, ಹಿಂದೆ ಸರಿದದ್ದು ಕಾಣಿಸಲಿಲ್ಲ. ಮಣಿಕಟ್ಟು ಇರಬೇಕಾದಲ್ಲಿ ಗಾಳಿ ಇತ್ತು. ಹೊಟ್ಟೆಯ ಮೇಲೆ ಗೇಣುದ್ದ ಕೆಂಪು ಗೆರೆ.

"ಹೊಟ್ಟೆ," ಎಂದಳು, ಹಾಜರಿ ಕೂಗುವ ದನಿಯಲ್ಲಿ. "ತೋಳು. ಇನ್ನೊಂದು ತೋಳು. ಕುತ್ತಿಗೆ."

"ಸ್ವಲ್ಪ ನಿಧಾನಕ್ಕೆ ಬಾರೇ."

"ಕಳ್ಳನಿಗೂ ಹೀಗೇ ಹೇಳ್ತೀರಾ?"

ಮಾನ ಉಳಿಸಿಕೊಳ್ಳಲು ಗುಮಾಸ್ತರು ಹುಲಿಯಂತೆ ಹಾರಿದರು. ಕಾಲಡಿಯ ಕಾಲೊರಸು ಜಾರಿತು. ಅವರು ಬಿದ್ದರು, ಹಿಡಿದುಕೊಂಡ ಮೇಜೂ ಬಿತ್ತು, ಅದರ ಮೇಲಿದ್ದ ಪಾತ್ರೆಗಳೆಲ್ಲ ಢಣಢಣ ಉರುಳಿದವು.

ಆ ಸದ್ದಿಗೆ ಅವರ ಅಮ್ಮ ಕನ್ನಡಕವಿಲ್ಲದೆ ಕೋಣೆಯಿಂದ ಬಂದರು. ಮಗ ನೆಲದ ಮೇಲೆ, ಮೈಯೆಲ್ಲ ಕೆಂಪು. ಸೊಸೆ ಕೈಯಲ್ಲಿ ಏನೋ ಹಿಡಿದು ಅವನ ಮೇಲೆ ಬಾಗಿದ್ದಾಳೆ. "ಅಯ್ಯೋ, ನನ್ನ ಪುಟ್ಟನ್ನ ಇರಿದುಬಿಟ್ಟಳು!" ಎಂಬ ಕೂಗು ಬೀದಿಯ ಕೊನೆಯವರೆಗೂ ಹೋಯಿತು.

ಕೂಗು ಹೋದ ವೇಗದಲ್ಲೇ ಒಬ್ಬ ಬಂದ. ಬಾಗಿಲು ದಡಾರನೆ ತೆರೆದುಕೊಂಡಿತು. ದೈತ್ಯನಂಥ ಆಳು, ಎದೆಗೆ ಕಟ್ಟಿದ ಬಟ್ಟೆಯ ಮೇಲೆ ನಿಜವಾದ ರಕ್ತ, ಕೈಯಲ್ಲಿ ಮೊಳದುದ್ದದ ನಿಜವಾದ ಚಾಕು. ಮನೆಯಲ್ಲಿ ಯಾರೂ ಆ ಮುಖ ನೋಡಿರಲಿಲ್ಲ. "ಎಲ್ಲಿ ಅವನು?" ಎಂದು ಗರ್ಜಿಸುತ್ತ, ಚಾಕು ಬೀಸಿಕೊಂಡೇ ಒಳನುಗ್ಗಿದ.

ಮಣಿಕಟ್ಟು ತಿರುಚುವ ವಿದ್ಯೆ ಗುಮಾಸ್ತರ ತಲೆಯಿಂದ ಹಾರಿಹೋಯಿತು. ಹೇಗೆ ಎದ್ದರೋ, ಎಲ್ಲಿ ನಿಂತರೋ ಅವರಿಗೇ ತಿಳಿಯದು. ಕಂಡದ್ದು ಒಂದೇ. ದಿನಾ ಜೊತೆಯಲ್ಲಿ ಉಣ್ಣುವ, ಜಿರಲೆ ಕಂಡರೆ ಮಂಚ ಹತ್ತುವ ಆ ಹೆಂಗಸು ಕುರ್ಚಿಯೊಂದನ್ನು ಎತ್ತಿ, ಅದರ ನಾಲ್ಕೂ ಕಾಲುಗಳನ್ನು ಚಾಕುವಿನತ್ತ ಚಾಚಿ, ಅಲ್ಲಾಡದೆ ನಿಂತಿದ್ದಳು.

"ಕೈಲಿರೋದನ್ನ ಕೆಳಗಿಡಿ," ಎಂದಳು. ಕೂಗಲಿಲ್ಲ. ಕತ್ತರಿ ಹಿಡಿದ ಮಗುವಿಗೆ ಹೇಳುವ ದನಿ ಅದು. "ಕೆಳಗಿಡಿ. ಆಮೇಲೆ ಮಾತು."

ದೈತ್ಯ ತನ್ನ ಕೈಯನ್ನು ತಾನೇ ಹೊಸದಾಗಿ ನೋಡಿಕೊಂಡ. ಮೆಲ್ಲಗೆ ಬಗ್ಗಿ ಚಾಕು ನೆಲಕ್ಕಿಟ್ಟ. ಕೈ ಕಟ್ಟಿ ನಿಂತ.

"ತಪ್ಪಾಯ್ತು ಅಕ್ಕಾ. ಮೂಲೇಲಿ ಹೊಸದಾಗಿ ಮಾಂಸದಂಗಡಿ ಹಾಕಿದೀನಲ್ಲ, ಅವನೇ ನಾನು. ಕೂಗು ಕೇಳಿ, ಯಾರೋ ಕಳ್ಳ ನುಗ್ಗಿದಾನೆ ಅಂತ ಇದ್ದ ಹಾಗೇ ಓಡಿಬಂದೆ."

ಅವನಿಗೆ ಎಲ್ಲ ವಿವರಿಸಿ, ಚಾಕುವನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟು ಕಳಿಸಿದ್ದೂ ಅವಳೇ. ಬಾಗಿಲು ಹಾಕಿ ಬಂದು ನೀರಿನ ಲೋಟ ಎತ್ತಿದಳು. ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು.

ಗುಮಾಸ್ತರು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಇಷ್ಟು ವರ್ಷ ಈ ಮನೆಯಲ್ಲಿ ಯಾರ ಜೊತೆ ಇದ್ದೆ ತಾನು?

"ನಿನಗೆ ಭಯ ಆಗಲಿಲ್ವೇನೇ?"

"ಆಗದೇ ಏನು? ನೀರೆಲ್ಲ ಸೀರೆ ಮೇಲೇ ಇದೆ, ನೋಡಿ."

"ಮತ್ತೆ ಹೇಗೆ ನಿಂತೆ?"

ಅವಳು ಲೋಟ ಕೆಳಗಿಟ್ಟಳು. "ಗೊತ್ತಿಲ್ಲರೀ. ನನ್ನ ಹಿಂದೆ ಅತ್ತೆ ಇದ್ರು."

ಗುಮಾಸ್ತರು ಮನಸ್ಸಿನಲ್ಲೇ ಕೈಮುಗಿದರು. ಎಂಥ ಮಾತು!

"ಇದ್ದೆ ಕಣಮ್ಮ," ಎಂದರು ಅಮ್ಮ. "ನನ್ನ ಹಿಂದೆ ಪುಟ್ಟ ಇದ್ದ. ಈಗ ಅವನಿಗೆ ಸ್ವಲ್ಪ ಹೇಳು, ನನ್ನ ಸೆರಗು ಬಿಡಲಿ."